ಟ್ಯಾಂಕಿಗೆ ಟೈಟಾನಿಯಂ: ಮುಚ್ಚಳಕ್ಕೆ ಹಾಕಿ, ಹಲ್‌ಗೆ ಬೇಡ

ಎತ್ತರದ ಗಡಿಗೆಂದು ನಮ್ಮಲ್ಲೇ ರೂಪಿಸಿದ 25 ಟನ್ನಿನ ಜೋರಾವರ್ ಹಗುರ ಟ್ಯಾಂಕಿನ ಮಾತು ಬಂದಾಗಲೆಲ್ಲ, ಇಡೀ ಟ್ಯಾಂಕನ್ನೇ ಟೈಟಾನಿಯಂನಲ್ಲಿ ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ಲಡಾಖಿನ ಎತ್ತರದಲ್ಲಿ ಗಾಳಿ ತೆಳು, ಎಂಜಿನ್ನಿನ ಬಲ ಕುಗ್ಗುತ್ತದೆ, ಒಂದೊಂದು ಕಿಲೋ ಕೂಡ ಭಾರವೇ. ಹಾಗಾಗಿ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೂ ನಾನು ಹೇಳುವುದು ಇಷ್ಟು: ಹ್ಯಾಚ್ ಮುಚ್ಚಳ, ಟರೆಟ್ಟಿನ (ತೋಪು ಕೂತ, ತಿರುಗುವ ಮೇಲ್ಭಾಗದ) ಮೇಲ್ಛಾವಣಿ, ಬೋಲ್ಟ್ ಹಾಕಿ ಕೂರಿಸುವ ಹೆಚ್ಚುವರಿ ಕವಚ, ಇಷ್ಟಕ್ಕೆ ಟೈಟಾನಿಯಂ ಹಾಕಿ. ಬೆಸುಗೆ ಹಾಕಿ ಕಟ್ಟುವ ಹಲ್, ಅಂದರೆ ಟ್ಯಾಂಕಿನ ಮುಖ್ಯ ಒಡಲು, ಉಕ್ಕಿನದ್ದೇ ಇರಲಿ.

ಮೊದಲು ತೂಕದ ಲೆಕ್ಕ. ಉಕ್ಕಿನ ಸಾಂದ್ರತೆ ಘನ ಸೆಂ.ಮೀ.ಗೆ 7.85 ಗ್ರಾಂ. ಶೇ 6 ಅಲ್ಯೂಮಿನಿಯಂ, ಶೇ 4 ವೆನೇಡಿಯಂ ಇರುವ, ಕವಚಕ್ಕೆ ಹೆಚ್ಚಾಗಿ ಬಳಸುವ ಟೈಟಾನಿಯಂ ಮಿಶ್ರಲೋಹದ್ದು 4.43 ಗ್ರಾಂ. ತೂಕ ಅರ್ಧಕ್ಕಿಳಿಯಿತು ಅಂದುಕೊಳ್ಳಬೇಡಿ. 30 ಮಿ.ಮೀ. ಕವಚದ ಉಕ್ಕಿನ ಒಂದು ಚದರ ಮೀಟರ್ ಸುಮಾರು 235 ಕಿಲೋ ತೂಗುತ್ತದೆ. ಅಷ್ಟೇ ರಕ್ಷಣೆ ಬೇಕೆಂದರೆ ಟೈಟಾನಿಯಂ ಸುಮಾರು 35 ಮಿ.ಮೀ. ದಪ್ಪ ಇರಬೇಕು, ಅದು 155 ಕಿಲೋ ಆಗುತ್ತದೆ. ಉಳಿತಾಯ ಮೂರನೇ ಒಂದು ಪಾಲು ಮಾತ್ರ. ತೀರಾ ಗಡಸು ಉಕ್ಕಿನ ಜೊತೆ ಹೋಲಿಸಿದರೆ ಈ ಉಳಿತಾಯ ಇನ್ನೂ ಕಡಿಮೆ. ಬಾಗುವ ವಿಷಯದಲ್ಲೂ ಹೀಗೆಯೇ. ಟೈಟಾನಿಯಂ ಉಕ್ಕಿಗಿಂತ ಸುಲಭವಾಗಿ ಬಾಗುವುದರಿಂದ, ಅಷ್ಟೇ ಬಿಗಿ ಬೇಕೆಂದರೂ ದಪ್ಪ ಶೇ 20ರಷ್ಟು ಏರಿಸಲೇಬೇಕು.

ಈ ಮೂರನೇ ಒಂದು ಪಾಲು ಎಲ್ಲಿ ಉಳಿದರೆ ಲಾಭ ಹೆಚ್ಚು? ಗಾಡಿಯ ನೆತ್ತಿಯಲ್ಲಿ. ಮೇಲಿನ ಭಾರ ಇಳಿದರೆ ಗಾಡಿಯ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ, ಟರೆಟ್ ತಿರುಗಿಸುವ ಮೋಟಾರಿಗೆ ಹೊರೆ ತಗ್ಗುತ್ತದೆ. 90 ಕಿಲೋ ಹ್ಯಾಚ್ 60 ಕಿಲೋಗೆ ಬಂದರೆ, ಗಾಡಿ ವಾಲಿ ನಿಂತಾಗ ಅದನ್ನು ಒಳಗಿನಿಂದ ತಳ್ಳಿ ಹೊರಬರಬೇಕಾದ ಸೈನಿಕನಿಗೆ ಅದು ಎಷ್ಟು ದೊಡ್ಡ ವ್ಯತ್ಯಾಸ ಯೋಚಿಸಿ. ಅಮೆರಿಕದವರು ಆರಿಸಿಕೊಂಡದ್ದೂ ಇಂಥ ಜಾಗಗಳನ್ನೇ. ಸೈನಿಕರನ್ನು ಒಯ್ಯುವ ಬ್ರಾಡ್ಲಿ ಕವಚದ ಗಾಡಿಯಲ್ಲಿ ಕಮಾಂಡರನ ಹ್ಯಾಚ್, ಅಬ್ರಾಮ್ಸ್ ಟ್ಯಾಂಕಿನಲ್ಲಿ ಗನ್ನರ್ ದೂರದರ್ಶಕದ ಹೊದಿಕೆ, ಮದ್ದುಗುಂಡಿನ ಅರೆಯ ಮೇಲೆ ಸ್ಫೋಟವಾದಾಗ ಹಾರಿಹೋಗುವ ಫಲಕ. ನಮ್ಮ ಸೇನೆ 145 ಖರೀದಿಸಿದ ಎಂ777 ಫಿರಂಗಿ ಕವಚದ ಗಾಡಿಯಲ್ಲ, ಆದರೆ ಅದರ ಚೌಕಟ್ಟಿನ ಬಹುಪಾಲು ಟೈಟಾನಿಯಂ. ಅದೇ 155 ಮಿ.ಮೀ.ನ ಹಳೆಯ ಎಂ198 ಏಳು ಟನ್ ದಾಟುತ್ತಿತ್ತು, ಇದು ಸುಮಾರು 4.2 ಟನ್. ಹೆಲಿಕಾಪ್ಟರಿಗೆ ನೇತುಹಾಕಿ ಬೆಟ್ಟಕ್ಕೆ ಒಯ್ಯಲು ಆಗುವುದು ಅದರಿಂದಲೇ.

ಗುಂಡು ಬಿದ್ದಾಗ ಟೈಟಾನಿಯಂ ಸೋಲುವ ರೀತಿಯೇ ಬೇರೆ. ಈ ಲೋಹದಲ್ಲಿ ಶಾಖ ಹರಿಯುವುದು ತೀರಾ ನಿಧಾನ, ಉಕ್ಕಿನ ಆರನೇ ಒಂದು ಪಾಲಿನಷ್ಟು. ಹೊಡೆತದ ಬಿಸಿ ಕೂದಲೆಳೆಯಂಥ ಪಟ್ಟಿಯಲ್ಲೇ ನಿಂತುಬಿಡುತ್ತದೆ, ಅಲ್ಲಿ ಲೋಹ ಮೆತ್ತಗಾಗಿ ಜಾರುತ್ತದೆ, ಬಿಲ್ಲೆಯಾಕಾರದ ತುಂಡು ಕಿತ್ತು ಒಳಗೆ ಹಾರುತ್ತದೆ. ಆದ್ದರಿಂದ ಒಳಮೈಗೆ ಅರಾಮಿಡ್ (ಕೆವ್ಲಾರ್‌ನಂಥ ಗಟ್ಟಿ ನಾರು) ಬಟ್ಟೆಯ ಪದರ ಬೇಕೇ ಬೇಕು. ಪ್ಲೇಟಿನ ಕೊನೆಯ ರೋಲಿಂಗ್, ಆಮೇಲೆ ಕಾಯಿಸಿ ಹದಗೊಳಿಸುವ ಅನೀಲಿಂಗ್ ಎರಡೂ ಸುಮಾರು 995 ಡಿಗ್ರಿಗಿಂತ ಕೆಳಗೇ ನಡೆದಿರಬೇಕು. ಅದನ್ನು ಮೀರಿ ಕಾಯಿಸಿದ ಪ್ಲೇಟ್ ಈ ಬಿಲ್ಲೆಯನ್ನು ಬಹಳ ಬೇಗ ಬಿಟ್ಟುಕೊಡುತ್ತದೆ. ಖರೀದಿಸುವವರು ರಾಸಾಯನಿಕ ವರದಿಯ ಜೊತೆ ಪ್ಲೇಟನ್ನು ಕಾಯಿಸಿದ ದಾಖಲೆಯನ್ನೂ ಕೇಳಿ ಪಡೆಯಬೇಕು.

ನಿಜವಾದ ತಲೆನೋವು ವೆಲ್ಡಿಂಗ್. 430 ಡಿಗ್ರಿ ದಾಟಿದ ಟೈಟಾನಿಯಂ ಗಾಳಿಯ ಆಕ್ಸಿಜನ್, ನೈಟ್ರೋಜನ್ ಎರಡನ್ನೂ ಹೀರಿ ಗಾಜಿನಂತೆ ಪೆಡಸಾಗುತ್ತದೆ. ಗಾಳಿಯನ್ನು ದೂರವಿಡಲು ವೆಲ್ಡಿಂಗ್ ಟಾರ್ಚಿನ ಬಾಯಿಂದ ಬಿಡುವ ಆರ್ಗಾನ್ ಗ್ಯಾಸ್ ಒಂದೇ ಸಾಲದು. ಟಾರ್ಚಿನ ಹಿಂದೆ ಎಳೆದುಕೊಂಡು ಹೋಗುವ ಇನ್ನೊಂದು ಗ್ಯಾಸ್ ಪೆಟ್ಟಿಗೆ ಬೇಕು, ಜೋಡಣೆಯ ಹಿಂಬದಿಗೂ ಆರ್ಗಾನ್ ತುಂಬಬೇಕು. ಅಂಚನ್ನು ಅಸಿಟೋನಿನಲ್ಲಿ ಒರೆಸಿ. ಕ್ಲೋರಿನ್ ಇರುವ ದ್ರಾವಕ ಮುಟ್ಟಿಸಬೇಡಿ, ಬಿರುಕಿಗೆ ಅದೇ ದಾರಿ. ಉಕ್ಕು ಉಜ್ಜಿದ ಬ್ರಷ್ ಇಲ್ಲಿಗೆ ತರಬೇಡಿ. ಕರಗಿಸಿ ತುಂಬುವ ಫಿಲ್ಲರ್ ರಾಡಿನ ಬಿಸಿ ತುದಿ ಗ್ಯಾಸಿನಿಂದ ಆಚೆ ಬಂತೋ, ಆ ತುದಿ ಕತ್ತರಿಸಿಯೇ ಮುಂದುವರಿಯಬೇಕು. ಬೀಡ್ (ಬೆಸುಗೆಯ ಗೆರೆ) ಮುಗಿದ ಮೇಲೂ ಟಾರ್ಚ್ ಎತ್ತದೆ, ತಣ್ಣಗಾಗುವವರೆಗೆ ಗ್ಯಾಸ್ ಬಿಡುತ್ತಿರಬೇಕು.

ತಪ್ಪಾಗಿದೆಯೇ ಎಂದು ಬಣ್ಣವೇ ಹೇಳುತ್ತದೆ. ಬೀಡ್ ಬೆಳ್ಳಿಯಂತೆ ಹೊಳೆದರೆ ಸರಿ. ತೆಳು ಒಣಹುಲ್ಲಿನ ಬಣ್ಣವನ್ನೂ ಒಪ್ಪಬಹುದು. ನೀಲಿ ಬಂದರೆ ನಿಲ್ಲಿಸಿ ಗ್ಯಾಸಿನ ದಾರಿ ನೋಡಬೇಕು. ಬೂದು ಬಣ್ಣ, ಮೇಲೆ ಬಿಳಿ ಪುಡಿ ಕಂಡರೆ ಆ ಬೀಡನ್ನು ಪೂರ್ತಿ ಕಡಿದು ತೆಗೆಯಬೇಕು. ಬ್ರಷ್ ಹಾಕಿ ಬಣ್ಣ ಅಳಿಸಿ ತೋರಿಸುವುದು ಸೈನಿಕನ ಜೀವಕ್ಕೆ ಮಾಡುವ ಮೋಸ. ಟೈಟಾನಿಯಂ ಹಲ್ ಅಂದರೆ ಇಂಥ ಬೀಡನ್ನು ಮೀಟರುಗಟ್ಟಲೆ, ಮೂಲೆಮೂಲೆಯಲ್ಲಿ, ಒಂದೂ ತಪ್ಪದಂತೆ ಹಾಕುವುದು. ನಾನು ಬೇಡ ಅನ್ನುವುದು ಅದಕ್ಕೇ.

ಮೆಷಿನಿಂಗಿನಲ್ಲಿ ಕಾಡುವುದೂ ಅದೇ ಹರಿಯದ ಶಾಖ, ಬಿಸಿಯೆಲ್ಲ ಟೂಲಿನ ತುದಿಗೆ ಬರುತ್ತದೆ. ಕಾರ್ಬೈಡ್ ಇನ್ಸರ್ಟಿನಲ್ಲಿ (ಟೂಲಿಗೆ ಸಿಕ್ಕಿಸುವ ಗಡಸು ಕತ್ತರಿಸುವ ತುಂಡು) ನಿಮಿಷಕ್ಕೆ 50 ಮೀಟರ್ ಆಸುಪಾಸಿನ ವೇಗದಲ್ಲಿ ಓಡಿಸಿ, ಕೂಲೆಂಟ್ ಜೋರಾಗಿ ಬಿಡಿ, ಟೂಲನ್ನು ಒಂದೇ ಜಾಗದಲ್ಲಿ ಉಜ್ಜುತ್ತಾ ನಿಲ್ಲಿಸಬೇಡಿ. ಸಣ್ಣ ಚೂರುಗಳಿಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಒಣ ಮರಳು ಸುರಿಯಬೇಕು. ವಿಮಾನದ ಬಿಡಿಭಾಗ ಮಾಡುವ ಬೆಂಗಳೂರಿನ ಶಾಪುಗಳಿಗೆ ಇದೆಲ್ಲ ದಿನದ ಕೆಲಸ. ಮುಚ್ಚಳ, ಫಲಕದಂಥ ಬಿಡಿ ತುಂಡುಗಳನ್ನು ಅಲ್ಲಿಯೇ ಮಾಡಿಸಬಹುದು.

ಕಚ್ಚಾ ಮಾಲಿನ ಮಿತಿಯನ್ನೂ ನೋಡಿ. ಕೇರಳದ ಚವರದಲ್ಲಿರುವ ಟೈಟಾನಿಯಂ ಸ್ಪಾಂಜ್ (ರಂಧ್ರಮಯ ಕಚ್ಚಾ ಲೋಹ) ಘಟಕದ ಸಾಮರ್ಥ್ಯ ವರ್ಷಕ್ಕೆ 500 ಟನ್, ಅದು ಹುಟ್ಟಿದ್ದೇ ಬಾಹ್ಯಾಕಾಶದ ಅಗತ್ಯಕ್ಕೆ. ಹಲ್‌ಗಳಿಗೆ ಸುರಿಯುವಷ್ಟು ಲೋಹ ಅಲ್ಲಿಂದ ಬರುವುದಿಲ್ಲ. ಮುಚ್ಚಳಗಳಿಗೆ ಬರಬಹುದು.

ಇನ್ನು ಯುದ್ಧಭೂಮಿಯ ರಿಪೇರಿ. ಟೈಟಾನಿಯಂ ಅನ್ನು ಉಕ್ಕಿಗೆ ನೇರವಾಗಿ ಬೆಸೆದರೆ ಜೋಡಣೆ ಪೆಡಸಾಗಿ ಬಿರಿಯುತ್ತದೆ, ಅದಕ್ಕೇ ಬೋಲ್ಟ್. ನಡುವೆ ವಿದ್ಯುತ್ ಹರಿಯದ ಗ್ಯಾಸ್ಕೆಟ್ ಇಡದಿದ್ದರೆ ತೇವದಲ್ಲಿ ಪಕ್ಕದ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಇದ್ದರೆ ಇನ್ನೂ ಬೇಗ. ಟೈಟಾನಿಯಂನಲ್ಲೇ ಕೊರೆದ ಬೋಲ್ಟಿನ ಥ್ರೆಡ್‌ಗಳು ಕಚ್ಚಿಕೊಳ್ಳುತ್ತವೆ, ಮಾಲಿಬ್ಡಿನಂ ಪೇಸ್ಟ್ ಹಚ್ಚಿಯೇ ಬಿಗಿಯಬೇಕು. ಗಡಿಯ ವರ್ಕ್‌ಶಾಪಿನಲ್ಲಿ ಇರುವುದು ಉಕ್ಕಿನ ಎಲೆಕ್ಟ್ರೋಡ್ ಮತ್ತು ಗ್ಯಾಸ್ ಕಟಿಂಗ್. ಅಲ್ಲಿ ಬಿರಿದ ಟೈಟಾನಿಯಂ ಫಲಕಕ್ಕೆ ತೇಪೆ ಹಾಕಲು ಯಾರೂ ಕೈಹಾಕಬಾರದು. ಪ್ರತಿ ತುಕಡಿಯ ಜೊತೆಗೂ ತೂತು ಕೊರೆದು ಸಿದ್ಧ ಮಾಡಿದ ಬದಲಿ ಫಲಕ, ಹೊಸ ಬೋಲ್ಟ್, ಗ್ಯಾಸ್ಕೆಟ್ ಹೋಗಬೇಕು. ಒಡೆದದ್ದನ್ನು ಬಿಚ್ಚಿ, "ಟೈಟಾನಿಯಂ, ವೆಲ್ಡ್ ಮಾಡಬೇಡಿ" ಎಂದು ಬರೆದು ಹಿಂದಿನ ನೆಲೆಗೆ ಹೋಗುವ ಲಾರಿಗೆ ಹಾಕಬೇಕು.