ರೂಲ್ ಕೇಳದಿದ್ದರೂ ಸಾಕೆಟ್ ಮೇಲೆತ್ತಿಸಿ

ಇಂಗ್ಲೆಂಡಿನಲ್ಲಿ ಹಳೆ ಮನೆ ಕೊಂಡು ರೀವೈರಿಂಗ್‌ಗೆ ಕೈಹಾಕುವ ನಮ್ಮವರು ಕೇಳೋ ಪ್ರಶ್ನೆ ಒಂದೇ: ‘ನೆಲದ ಹತ್ತಿರವಿರೋ ಸಾಕೆಟ್‌ಗಳನ್ನೆಲ್ಲ 450 ಮಿಲಿಮೀಟರ್ ಎತ್ತರಕ್ಕೆ ಏರಿಸಲೇಬೇಕಾ?’ ಬೇಕಿಲ್ಲ. ಆದರೂ ಏರಿಸಿ ಅಂತೀನಿ ನಾನು.

ಅಲ್ಲಿನ ಕಟ್ಟಡ ನಿಯಮಗಳಲ್ಲಿ (ಬಿಲ್ಡಿಂಗ್ ರೆಗ್ಯುಲೇಶನ್ಸ್), ಮನೆ ಎಲ್ಲರ ಬಳಕೆಗೂ ಅನುಕೂಲವಾಗಿರಬೇಕು ಅನ್ನೋ ಭಾಗ ಪಾರ್ಟ್ ಎಂ. ಅದು 1999ರಿಂದ ಹೊಸ ಮನೆಗಳಿಗೂ ಅನ್ವಯಿಸುತ್ತದೆ. ಅದರ ಮಾರ್ಗದರ್ಶಿಯ ಪ್ರಕಾರ ಸ್ವಿಚ್ಚು, ಸಾಕೆಟ್ಟು ನೆಲದಿಂದ 450ರಿಂದ 1200 ಮಿಲಿಮೀಟರ್ ನಡುವೆ ಇರಬೇಕು. ಗಾಲಿಕುರ್ಚಿಯಲ್ಲಿ ಕೂತವರಿಗೂ, ಬಗ್ಗಲಾಗದವರಿಗೂ ಎಟುಕಲಿ ಅಂತ. ಇರುವ ಮನೆಗೆ ಬರೀ ವೈರ್ ಬದಲಿಸಿದರೆ ಈ ಅಳತೆಯ ಕಟ್ಟುಪಾಡಿಲ್ಲ. ಮೊದಲಿಗಿಂತ ಕೆಡದಿದ್ದರೆ ಸಾಕು.

ಇಲ್ಲೇ ಎಲೆಕ್ಟ್ರಿಷಿಯನ್ ‘ಬೇಡ ಬಿಡಿ’ ಅಂತಾನೆ. ಅವನ ಕಷ್ಟ ಅವನಿಗೆ. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಹಳೆ ಟೆರೇಸ್ ಮನೆಗಳಲ್ಲಿ ಕೇಬಲ್ ಮರದ ನೆಲದಡಿಯಿಂದ ಬಂದು ಗೋಡೆಯ ಬುಡದ ಸ್ಕರ್ಟಿಂಗ್ ಹಲಗೆಯಲ್ಲೇ ಮುಗಿಯುತ್ತದೆ, ಗೋಡೆ ಮುಟ್ಟೋದೇ ಬೇಡ. ಮೇಲೆತ್ತಬೇಕಂದ್ರೆ ಇಟ್ಟಿಗೆ ಕೊರೆಯಬೇಕು. ಅದೂ ನೇರ ಲಂಬವಾಗಿ, ಗೋಡೆಯ ದಪ್ಪದ ಮೂರನೇ ಒಂದು ಭಾಗಕ್ಕಿಂತ ಆಳವಿಲ್ಲದಂತೆ. ಆಮೇಲೆ ಪ್ಲಾಸ್ಟರ್, ಬಣ್ಣ. ದುಡ್ಡು ಜಾಸ್ತಿ ಆಗುತ್ತೆ, ಹೌದು. ಆದರೆ ಮನೆ ಹೇಗೂ ಧೂಳೆದ್ದು ಹೋಗಿದೆ, ಸಾಮಾನೆಲ್ಲ ಮೂಟೆ ಕಟ್ಟಿದ್ದೀರಿ. ಈಗ ಬಿಟ್ಟರೆ ಮತ್ತೆ ಯಾವಾಗ?

ನಮ್ಮೂರ ಮನೆಗಳಲ್ಲಿ ಪ್ಲಗ್ ಪಾಯಿಂಟ್ ಸ್ವಿಚ್ ಬೋರ್ಡಿನಲ್ಲೇ ಇರುತ್ತೆ, ಎದೆಮಟ್ಟಕ್ಕೆ. ಅದಕ್ಕೆ ಒಗ್ಗಿದ ಅಮ್ಮ ಬೇಸಿಗೆಗೆ ಇಲ್ಲಿಗೆ ಬಂದರೆ ಮೊಬೈಲ್ ಚಾರ್ಜಿಗೆ ಹಾಕೋಕೂ ನೆಲಕ್ಕೆ ಕೈಯೂರಿ, ಮೊಣಕಾಲು ಮಡಚಿ, ಸೋಫಾ ಹಿಂದೆ ತಡಕಾಡಬೇಕು. ಇಲ್ಲಿನ ಪ್ಲಗ್ಗಿಗೋ ಮೂರು ದಪ್ಪ ಚಪ್ಪಟೆ ಪಿನ್ನು, ಒತ್ತಿದರಷ್ಟೇ ಒಳಗೆ ಹೋಗೋದು. ಕೀಳೋಕೆ ಇನ್ನೂ ಕಷ್ಟ. ಬೇಜಾರಾಗಿ ಎಕ್ಸ್‌ಟೆನ್ಶನ್ ಕಾರ್ಡ್ ಎಳೆದು ಮಂಚದ ಪಕ್ಕ ಇಡ್ತೀವಿ, ಅದಕ್ಕೆ ಎಲ್ಲರೂ ಎಡವ್ತಾರೆ. ಗಾಲಿಕುರ್ಚಿಯೇ ಬರಬೇಕಾ ಇದು ಅರ್ಥವಾಗೋಕೆ?

‘ಗೋಡೆ ಮಧ್ಯೆ ಸಾಕೆಟ್ ಚೆನ್ನಾಗಿ ಕಾಣಲ್ಲ’ ಅನ್ನೋ ವಾದ ನನಗೆ ಹಿಡಿಸಲ್ಲ. ಒಂದೂವರೆ ಅಡಿ ಅಂದ್ರೆ ಮಧ್ಯ ಅಲ್ಲ ಮಾರಾಯ್ರೆ, ಮುಕ್ಕಾಲುಪಾಲು ಸೋಫಾ ಹಿಂದೆಯೇ ಮುಚ್ಚಿಹೋಗುತ್ತೆ.

ಲಿಸ್ಟೆಡ್ ಕಟ್ಟಡ, ಅಂದ್ರೆ ಕಾನೂನಿನ ರಕ್ಷಣೆಯಿರೋ ಪಾರಂಪರಿಕ ಕಟ್ಟಡ ಆದರೆ ಮಾತು ಬೇರೆ. ಅಲ್ಲಿ ಹಳೆ ಗೋಡೆ ಕೊರೆಯೋಕೆ ಮೊದಲೇ ಒಪ್ಪಿಗೆ ಬೇಕಾಗಬಹುದು. ಮರದ ಪಟ್ಟಿ ಮೇಲೆ ಸುಣ್ಣದ ಗಾರೆ ಮೆತ್ತಿದ ಗೋಡೆ ಇದ್ದರಂತೂ ಸುಮ್ನೆ ಕೈಹಾಕಬೇಡಿ, ಹಪ್ಪಳದಂತೆ ಉದುರುತ್ತೆ.

ಎಲ್ಲವನ್ನೂ ಏರಿಸೋಕೆ ದುಡ್ಡು ಸಾಲದಿದ್ದರೆ ಮಂಚದ ಪಕ್ಕದ್ದು, ಹಾಲ್‌ನಲ್ಲಿ ದಿನಾ ಬಳಸೋದು, ಇವಿಷ್ಟನ್ನಾದ್ರೂ ಏರಿಸಿ. ಟಿವಿ ಹಿಂದಿನದು ಎಲ್ಲಿದ್ದರೂ ನಡೆಯುತ್ತೆ. ಕೊಟೇಶನ್ ಕೇಳುವಾಗಲೇ ಎತ್ತರ ಬರೆಸಿ. ಪ್ಲಾಸ್ಟರ್ ಒಣಗಿದ ಮೇಲೆ ಹೇಳಿದರೆ ಎಲೆಕ್ಟ್ರಿಷಿಯನ್ ಫೋನ್ ಎತ್ತಲ್ಲ.