ಟ್ಯೂಬಿನ ತಲೆ ಮೇಲೆ ಮೊಟಕಿ ನೋಡಿ

ಟ್ಯೂಬ್ ಆಂಪ್ಲಿಫೈಯರ್, ಅಂದರೆ ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವುಗಳಿಂದ ಹಾಡಿನ ಸದ್ದು ಹೆಚ್ಚಿಸುವ ಪೆಟ್ಟಿಗೆ, ಇಟ್ಟುಕೊಂಡವರು ಹಾಡು ಕೇಳುವುದಿಲ್ಲ, ಟ್ಯೂಬು ಕೇಳುತ್ತಾರೆ. ನಾನೂ ಅದೇ ಪಂಗಡ. ಗಾಯಕಿ ಬಾಯಿ ತೆರೆಯುವ ಮೊದಲೇ ನನ್ನ ಕಿವಿ ಎಡಗಡೆ ಸ್ಪೀಕರಿನ ಸಣ್ಣ 'ಸುಯ್' ಮೇಲಿರುತ್ತದೆ. ನಿನ್ನೆ ಇತ್ತಾ ಇದು?

ನಿಜ ಹೇಳಬೇಕಂದ್ರೆ ಟ್ಯೂಬು ಗಟ್ಟಿ ಜೀವ. ಸ್ಪೀಕರಿಗೆ ಬಲ ಕೊಡುವ ಪವರ್ ಟ್ಯೂಬ್ ಸಾವಿರಾರು ಗಂಟೆ ಬಾಳುತ್ತದೆ, ಮುಂದೆ ನಿಂತಿರುವ ಪುಟ್ಟ ಟ್ಯೂಬುಗಳು ಅದಕ್ಕಿಂತಲೂ ಜಾಸ್ತಿ. ಆದರೆ ಸುಮ್ನೆ ಇರಲು ನಾವು ಬಿಡಬೇಕಲ್ಲ! ಒಂದನ್ನು ಕಿತ್ತು ಇನ್ನೊಂದು ಕಂಪನಿಯದನ್ನು ಹಾಕುವುದಕ್ಕೆ 'ಟ್ಯೂಬ್ ರೋಲಿಂಗ್' ಅಂತ ಹೆಸರಿಟ್ಟು ಹವ್ಯಾಸ ಮಾಡಿಕೊಂಡಿದ್ದೇವೆ. 12ಎಎಕ್ಸ್7, ಇಸಿಸಿ83 ಎರಡೂ ಒಂದೇ ಟ್ಯೂಬು. ಮೊದಲನೆಯದು ಅಮೆರಿಕದ ಹೆಸರು, ಎರಡನೆಯದು ಯುರೋಪಿನದು. ಆದರೂ ಎರಡನೆಯದರಲ್ಲೇ ಇಂಪು ಜಾಸ್ತಿ ಅಂತ ವಾದಿಸುವವರು ಸಿಗುತ್ತಾರೆ.

ಹೀಗೆಯೇ ಒಮ್ಮೆ 'ಹಳೇ ಸ್ಟಾಕು, ಬಳಸೇ ಇಲ್ಲ' ಎನ್ನುವ ಒಂದು ಜೋಡಿ ತರಿಸಿದೆ. ಡಬ್ಬಿಯೇನೋ ಚೆಂದವಿತ್ತು. ಒಳಗಿನ ಒಂದು ಟ್ಯೂಬಿನ ನೆತ್ತಿಯಲ್ಲಿ ಬೆಳ್ಳಿಯ ಬಣ್ಣವಿರಬೇಕಾದ ಕಡೆ ಬೆಳ್ಳಗಾಗಿತ್ತು. ಅದು ಗೆಟರ್, ಅಂದರೆ ಬೇರಿಯಂ ಲೇಪ. ಅಳಿದುಳಿದ ಗಾಳಿಯನ್ನು ಹೀರಿಕೊಳ್ಳುವುದು ಅದರ ಕೆಲಸ. ಬೆಳ್ಳಗಾಯಿತೆಂದರೆ ಹೊರಗಿನ ಗಾಳಿ ಒಳಗೆ ನುಗ್ಗಿದೆ, ಟ್ಯೂಬು ಸತ್ತಿದೆ ಅಂತ ಅರ್ಥ. ಕೊಟ್ಟವನನ್ನು ಕೇಳಿದರೆ, "ಗಾಜು ಒಡೆದಿಲ್ವಲ್ಲ?" ಅಂದ.

ಬದುಕಿದ್ದ ಇನ್ನೊಂದಕ್ಕೆ ಬೇರೆಯದೇ ರೋಗ. ನಾನು ನಾಲ್ಕು ಹೆಜ್ಜೆ ನಡೆದರೆ ಸ್ಪೀಕರಿನಲ್ಲಿ 'ಟಿಂಗ್'. ಒಳಗಿನ ಗ್ರಿಡ್, ಅಂದರೆ ಕರೆಂಟನ್ನು ಹತೋಟಿಯಲ್ಲಿಡುವ ತಂತಿಯ ಜಾಲರಿ, ಸಡಿಲವಾಗಿದ್ದರೆ ಟ್ಯೂಬೇ ಮೈಕ್ ಆಗಿಬಿಡುತ್ತದೆ. ಪೆನ್ಸಿಲ್ ಹಿಡಿದು ಒಂದೊಂದನ್ನೇ ಮೆತ್ತಗೆ ತಟ್ಟಿ ನೋಡುತ್ತಿದ್ದೆ. ಹೆಂಡತಿ ಬಂದಳು. "ಯಾಕ್ರೀ ಅದರ ತಲೆ ಮೇಲೆ ಮೊಟಕ್ತಿದೀರಿ? ಮಗ್ಗಿ ತಪ್ಪು ಹೇಳ್ತಾ?"

ಗೆಳೆಯನೊಬ್ಬ 300ಬಿ ಎಂಬ ಪವರ್ ಟ್ಯೂಬಿನ ಆಂಪ್ಲಿಫೈಯರ್ ತಂದ. ಆ ಮಾದರಿ 1938ರದ್ದು, ಹೆಸರು ದೊಡ್ಡದು. ಎಷ್ಟು ವಾಟ್ ಅಂದೆ. ಎಂಟು ಅಂದ. "ಎಂಬತ್ತಾ?" "ಅಲ್ಲ ಮಾರಾಯ, ಎಂಟು!" ಸ್ಪೀಕರ್ ಹೊಂದಿದರೆ ಅಷ್ಟೇ ಸಾಕು, ಅದು ಬೇರೆ ಮಾತು.

ಅವನು ನಮ್ಮ ಮನೆಗೆ ಬಂದ ಸಂಜೆಯೇ ನನ್ನ ಪವರ್ ಟ್ಯೂಬು ಇಎಲ್34 ಕೈಕೊಡಲು ಮುಹೂರ್ತ ನೋಡಿತು. "ಆಹಾ, ಎಷ್ಟು ಚೆನ್ನಾಗಿ ಹೊಳೀತಿದೆ!" ಅಂದ. ನಾನು ತಿರುಗಿ ನೋಡಿದರೆ ಹೊಳೆಯುತ್ತಿದ್ದದ್ದು ಪ್ಲೇಟು, ಅಂದರೆ ಒಳಗಿನ ಕರೆಂಟು ಬಂದು ಸೇರುವ ಲೋಹದ ತಗಡು. ನಡುವೆ ಕಾಯುವ ತಂತಿ, ಹೀಟರ್, ಕಿತ್ತಳೆ ಬಣ್ಣಕ್ಕೆ ಬರಬೇಕು ಸರಿ, ಬೂದು ಬಣ್ಣದ ಪ್ಲೇಟು ಕೆಂಪಾಗಬಾರದು. ಸ್ವಿಚ್ಚಿಗೆ ಹಾರಿದೆ. ಟ್ಯೂಬು ನಿರಪರಾಧಿ. ಹಾಡನ್ನಷ್ಟೇ ದಾಟಿಸಿ ಡಿಸಿ ವೋಲ್ಟೇಜನ್ನು ತಡೆಯಬೇಕಾದ, ಅದರ ಹಿಂದಿನ ಕಪ್ಲಿಂಗ್ ಕೆಪಾಸಿಟರ್ ಸೋರಿ, ಕರೆಂಟಿಗೆ ಕಡಿವಾಣ ಹಾಕುವ ಗ್ರಿಡ್ಡಿನ ಮೈನಸ್ ವೋಲ್ಟೇಜು (ಬಯಸ್) ಕರಗಿ, ಕರೆಂಟು ಲಂಗುಲಗಾಮಿಲ್ಲದೆ ಹರಿದಿತ್ತು. ಕೆಪಾಸಿಟರ್ ಬದಲಿಸದೆ ಹೊಸ ಟ್ಯೂಬ್ ಹಾಕಿದ್ದರೆ ಅದೂ ಹೋಗುತ್ತಿತ್ತು. ಮುಚ್ಚಳ ತೆಗೆಯುವ ಉತ್ಸಾಹಿಗಳಿಗೆ ಒಂದು ಮಾತು: ಒಳಗೆ ನಾನೂರು ವೋಲ್ಟ್ ಇರುತ್ತದೆ, ಆಫ್ ಮಾಡಿದ ಮೇಲೂ ಒಂದಷ್ಟು ಹೊತ್ತು ಉಳಿದಿರುತ್ತದೆ.

ನನ್ನ ಆಯ್ಕೆ ಈಗ ಸರಳ. ಇವತ್ತಿಗೂ ತಯಾರಾಗುತ್ತಿರುವ, ನಾಳೆಯೂ ಸಿಗುವ ಟ್ಯೂಬು. ಎರಡರಲ್ಲೂ ಹರಿಯುವ ಕರೆಂಟನ್ನು ಮಿಲಿಆಂಪಿನಲ್ಲಿ ಅಳೆದು ಹೊಂದಿಸಿದ ಜೋಡಿ. ತೊಂದರೆಯೊಂದೇ: ಜೋಡಿಯಲ್ಲಿ ಒಂದು ಹೋದರೆ ಗಟ್ಟಿಮುಟ್ಟಾದ ಇನ್ನೊಂದಕ್ಕೂ ಬಲವಂತದ ನಿವೃತ್ತಿ. ಅಂಥವು ಡ್ರಾಯರ್ ತುಂಬ ಒಂಟಿಯಾಗಿ ಮಲಗಿವೆ.

"ಇವಕ್ಕೆಲ್ಲ ಕಂಕಣಬಲ ಯಾವಾಗ್ರೀ ಕೂಡಿಬರೋದು?" ಅಂತಾಳೆ ಇವಳು.

"ಮಿಲಿಆಂಪ್ ಕೂಡಿಬಂದಾಗ ಕಣೇ."