ಜರ್ಮನಿಯ ಕುಲನಾಮಗಳೂ ನಮ್ಮ ಅಡ್ಡಹೆಸರುಗಳೂ

ಎರಡನೆಯ ಮಹಾಯುದ್ಧದ ನಂತರ ಜರ್ಮನಿಯನ್ನು ಆಳಿದ ಚಾನ್ಸಲರುಗಳ ಹೆಸರುಗಳನ್ನು ಅರ್ಥ ತಿಳಿದು ಓದುವ ಉತ್ತರ ಕರ್ನಾಟಕದವರಿಗೆ ಆ ಪಟ್ಟಿ ಅಪರಿಚಿತವೆನಿಸಲಾರದು. ಹೆಲ್ಮುಟ್ ಷ್ಮಿಟ್ ಅವರ ಕುಲನಾಮದ ಅರ್ಥ ಕಮ್ಮಾರ. ಗೆರ್ಹಾರ್ಡ್ ಶ್ರೋಡರ್ ಅವರದು ಉತ್ತರ ಜರ್ಮನಿಯ ಆಡುಮಾತಿನಲ್ಲಿ ದರ್ಜಿಗಿದ್ದ ಹೆಸರು. ಹೆಲ್ಮುಟ್ ಕೋಲ್ ಅವರದು ಎಲೆಕೋಸು. ಅದನ್ನು ಬೆಳೆಯುವವರಿಗೋ ಮಾರುವವರಿಗೋ ಊರಿನವರು ಇಟ್ಟ ಹೆಸರು. ಓಲಾಫ್ ಶೋಲ್ಟ್ಸ್ ಅವರದು, ಒಡೆಯನ ಪರವಾಗಿ ಕಂದಾಯ ಎತ್ತುತ್ತಿದ್ದ ಊರ ಮುಖ್ಯಸ್ಥನ ಹುದ್ದೆಯಿಂದ ಬಂದದ್ದು. ಕಮ್ಮಾರ, ಉಳ್ಳಾಗಡ್ಡಿ, ಮೆಣಸಿನಕಾಯಿ, ಪಾಟೀಲ ಎಂಬ ಅಡ್ಡಹೆಸರುಗಳ ನಡುವೆ ಬೆಳೆದವರಿಗೆ ಇವುಗಳ ಹುಟ್ಟನ್ನು ವಿವರಿಸಿ ಹೇಳಬೇಕಾಗಿಲ್ಲ.

ಜರ್ಮನಿಗೆ ಬಂದ ಕನ್ನಡಿಗರಲ್ಲಿ, ವಿಶೇಷವಾಗಿ ಹಳೆಯ ಮೈಸೂರಿನ ಕಡೆಯವರಲ್ಲಿ, ಒಂದು ಸಂಕೋಚವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅರ್ಜಿಯಲ್ಲಿ ಕುಲನಾಮದ ಜಾಗಕ್ಕೆ ಬಂದಾಗ ತಮ್ಮಲ್ಲಿ ಏನೋ ಕೊರತೆಯಿದೆಯೆಂದು ಅವರು ಭಾವಿಸುತ್ತಾರೆ. ಇನಿಷಿಯಲ್‌ಗಳನ್ನು ಬಿಡಿಸಿ ತಂದೆಯ ಹೆಸರನ್ನು ಅಲ್ಲಿ ತುಂಬುತ್ತಾರೆ. ಮುಂದೆ ಮೊಮ್ಮಕ್ಕಳೂ ಅದೇ ಹೆಸರಿನಿಂದ ಗುರುತಿಸಿಕೊಳ್ಳುತ್ತಾರೆ. ಈ ಸಂಕೋಚಕ್ಕೆ ಯುರೋಪಿನ ಇತಿಹಾಸದಲ್ಲಿ ಆಧಾರವಿಲ್ಲ. ಅಲ್ಲಿಯೂ ಬಹುಕಾಲ ಜನರಿಗಿದ್ದದ್ದು ಒಂದೇ ಹೆಸರು. ಹನ್ನೆರಡನೆಯ ಶತಮಾನದ ಹೊತ್ತಿಗೆ ಪಟ್ಟಣಗಳು ಬೆಳೆದು, ಒಂದೇ ಬೀದಿಯಲ್ಲಿ ಹಲವು ಯೊಹಾನೆಸರೂ ಹೈನ್ರಿಖರೂ ಸೇರಿದಾಗ, ಅವರನ್ನು ಬೇರ್ಪಡಿಸಲು ಕಸುಬು, ಊರು, ಮೈಬಣ್ಣ, ತಂದೆಯ ಹೆಸರು ಜೊತೆಗೂಡಿದವು. ಇಂಥ ವಿಶೇಷಣಗಳು ವಂಶದ ಹೆಸರಾಗಿ ಗಟ್ಟಿಗೊಂಡಿದ್ದರಲ್ಲಿ ಜನರ ಇಚ್ಛೆಗಿಂತ ದಫ್ತರದ ಪಾತ್ರವೇ ದೊಡ್ಡದು. 1563ರಲ್ಲಿ ಕ್ಯಾಥೊಲಿಕ್ ಧರ್ಮಗುರುಗಳ ಟ್ರೆಂಟ್ ಧರ್ಮಸಭೆ ಚರ್ಚುಗಳಲ್ಲಿ ಮದುವೆ, ದೀಕ್ಷಾಸ್ನಾನಗಳ ದಾಖಲೆ ಪುಸ್ತಕ ಇಡುವುದನ್ನು ಕಡ್ಡಾಯ ಮಾಡಿತು. ತೆರಿಗೆಗೂ ಸೈನ್ಯ ಭರ್ತಿಗೂ ಬದಲಾಗದ ಹೆಸರು ಬೇಕೆಂದು ಆಮೇಲೆ ರಾಜ್ಯಗಳು ಒತ್ತಾಯಿಸಿದವು.

ಉತ್ತರ ಸಮುದ್ರದ ದಂಡೆಯ ಫ್ರೀಸ್‌ಲ್ಯಾಂಡಿನಲ್ಲಿ ಈ ಒತ್ತಾಯಕ್ಕೆ ಜನ ಸುಲಭವಾಗಿ ಮಣಿಯಲಿಲ್ಲ. ಯಾನ್ ಎಂಬುವನ ಮಗ ಪೀಟರ್ ಯಾನ್ಸ್ ಆಗುವುದು, ಅವನ ಮಗ ತನ್ನ ಹೆಸರಿನ ಜೊತೆ ಪೀಟರ್ಸ್ ಎಂದು ಸೇರಿಸಿಕೊಳ್ಳುವುದು ಅಲ್ಲಿನ ವಾಡಿಕೆ. ಇದು ನಮ್ಮ ಮೈಸೂರಿನ ಇನಿಷಿಯಲ್ ಪದ್ಧತಿಯೇ. 1811ರಲ್ಲಿ ನೆಪೋಲಿಯನ್ನನ ಆಜ್ಞೆ ಅದನ್ನು ನಿಷೇಧಿಸಿತು. 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ಜರ್ಮನಿಯ ಹೊಸ ಕಾನೂನು, ಫ್ರೀಸಿಯನ್ ಅಲ್ಪಸಂಖ್ಯಾತರಿಗೆ ಆ ಹಳೆಯ ಕ್ರಮದಲ್ಲಿ ಮಗುವಿಗೆ ಹೆಸರಿಡುವ ಹಕ್ಕನ್ನು ಮರಳಿಸಿದೆ. ಐಸ್‌ಲ್ಯಾಂಡ್ ಅಂತೂ ಈ ಪದ್ಧತಿಯನ್ನು ಬಿಟ್ಟುಕೊಡಲೇ ಇಲ್ಲ. 1925ರಲ್ಲಿ ಹೊಸದಾಗಿ ಕುಲನಾಮ ಇಟ್ಟುಕೊಳ್ಳುವುದನ್ನೇ ಕಾನೂನಿನಿಂದ ತಡೆಯಿತು. ಅಲ್ಲಿನ ದೂರವಾಣಿ ಕೈಪಿಡಿಯಲ್ಲಿ ಮೊದಲು ಬರುವುದು ವ್ಯಕ್ತಿಯ ಸ್ವಂತ ಹೆಸರು. ವಂಶನಾಮವಿಲ್ಲದೆ ಆಧುನಿಕ ಆಡಳಿತ ನಡೆಯುವುದಿಲ್ಲವೆನ್ನುವವರು ಆ ದೇಶವನ್ನೊಮ್ಮೆ ನೋಡಬೇಕು.

ಹುಟ್ಟಿನಲ್ಲಿ ಇಷ್ಟು ಸಾಮ್ಯವಿದ್ದರೂ, ಹೆಸರುಗಳು ಬಾಳುವ ರೀತಿಯಲ್ಲಿ ನಮಗೂ ಅವರಿಗೂ ಇರುವ ಅಂತರ ನನ್ನನ್ನು ನೋಯಿಸುತ್ತದೆ. ಏಳು ಬಾರಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ ಮೈಕೆಲ್ ಷೂಮಾಕರ್ ಅವರ ಕುಲನಾಮಕ್ಕೆ ಪಾದರಕ್ಷೆ ಹೊಲಿಯುವವನೆಂದು ಅರ್ಥ, ಆದರೆ ಅದನ್ನು ಕೇಳಿ ಅವರ ಮನೆಯಲ್ಲಿ ಊಟ ಮಾಡಬಹುದೇ ಎಂದು ಯೋಚಿಸುವ ಜರ್ಮನರಿಲ್ಲ. ಕಸುಬು ಬಿಟ್ಟ ಕೆಲವು ತಲೆಮಾರುಗಳಲ್ಲಿ ಆ ಹೆಸರಿಗೆ ಅಂಟಿದ್ದ ಸ್ಥಾನಮಾನವೂ ಕರಗಿತು. ನಮ್ಮಲ್ಲಿ ಕಸುಬು ಹೋದರೂ ಹೆಸರು ಜಾತಿಯನ್ನು ಸಾರುತ್ತಲೇ ಇದೆ. ಅದಕ್ಕಾಗಿಯೇ ಎಷ್ಟೋ ಮಂದಿ ತಮ್ಮ ಹೆಸರಿನ ಬಾಲವನ್ನು ಕತ್ತರಿಸಿಕೊಂಡರು. ಹಾಗೆಂದು ಜರ್ಮನಿಯನ್ನು ನಿರ್ಮಲವೆಂದು ಬಣ್ಣಿಸಲಾರೆ. ಹೆಸರಿನಿಂದ ಯೆಹೂದಿಗಳೆಂದು ಗುರುತು ಸಿಗದವರು ಪುರುಷರಾದರೆ ಇಸ್ರೇಲ್ ಎಂದೂ ಸ್ತ್ರೀಯರಾದರೆ ಸಾರಾ ಎಂದೂ ಸೇರಿಸಿಕೊಳ್ಳಬೇಕೆಂದು 1938ರಲ್ಲಿ ನಾಜಿ ಸರ್ಕಾರ ವಿಧಿಸಿತ್ತು. ಮನುಷ್ಯನ ಗುಂಪನ್ನು ಹೆಸರಿನಲ್ಲೇ ಬರೆದಿಡಬೇಕೆನ್ನುವ ಹಟ ಎಲ್ಲಿಗೆ ಮುಟ್ಟಬಲ್ಲದೆಂಬುದನ್ನು ಆ ದೇಶ ಕಂಡಿದೆ.

ಆದ್ದರಿಂದ ಹೊರನಾಡಿನಲ್ಲಿ ಹುಟ್ಟುವ ಮಗುವಿಗೆ ಕುಲನಾಮ ಬೇಕೇಬೇಕೆಂದಾದರೆ ಜಾತಿಸೂಚಕವನ್ನು ಹುಡುಕಿ ತರುವುದನ್ನು ನಾನು ಒಪ್ಪುವುದಿಲ್ಲ. ಅಜ್ಜನ ಅಂಕಿತನಾಮವನ್ನೇ ಶಾಶ್ವತಗೊಳಿಸುವುದೂ ನನಗೆ ಅಷ್ಟು ಹಿಡಿಸುವುದಿಲ್ಲ, ಏಕೆಂದರೆ ಅದು ಒಬ್ಬ ವ್ಯಕ್ತಿಯ ಸ್ವಂತ ಹೆಸರು. ಊರಿನ ಹೆಸರು ಮೇಲು. ಜರ್ಮನರಲ್ಲಿ ಬಯರ್ ಎಂಬ ಕುಲನಾಮ ಬವೇರಿಯಾದಿಂದ ಬಂದವರಿಗೂ, ಬೋಮ್ ಎಂಬುದು ಬೊಹೀಮಿಯಾದಿಂದ ಬಂದವರಿಗೂ ಸಿಕ್ಕಿದ್ದು. ಎಲ್ಲರೂ ಬವೇರಿಯನ್ನರೇ ಆಗಿರುವ ಊರಿನಲ್ಲಿ ಒಬ್ಬನನ್ನು ಹಾಗೆ ಕರೆಯುವ ಪ್ರಮೇಯವಿರಲಿಲ್ಲ. ಊರು ಬಿಟ್ಟವರಿಗೆ ಊರೇ ಹೆಸರಾಯಿತು. ನಮ್ಮ ವಿಶ್ವೇಶ್ವರಯ್ಯನವರ ಪೂರ್ವಜರು ಇಂದಿನ ಆಂಧ್ರಪ್ರದೇಶದ ಮೋಕ್ಷಗುಂಡಂನಿಂದ ಬಂದವರು. ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಾದರೂ ಹೆಸರಿನ ಮೊದಲಲ್ಲಿ ನಿಂತದ್ದು ಪೂರ್ವಜರ ಆ ಊರು. ಊರ ಹೆಸರನ್ನು ತಾಯಿಯ ಕಡೆಯಿಂದಲೂ ಪಡೆಯಬಹುದು, ಗಂಡು ಹೆಣ್ಣೆಂಬ ಭೇದವಿಲ್ಲದೆ ಧರಿಸಬಹುದು.

ಜರ್ಮನಿಯ ಹೊಸ ನಿಯಮದಂತೆ ಹೆಸರಿನ ವಿಷಯಕ್ಕೆ ಸಾಮಾನ್ಯವಾಗಿ ವಾಸವಿರುವ ದೇಶದ ಕಾನೂನು ಅನ್ವಯಿಸುತ್ತದೆ, ಆದರೆ ಪೌರತ್ವವಿರುವ ದೇಶದ ಕಾನೂನನ್ನು ಆರಿಸಿಕೊಳ್ಳಲೂ ಅವಕಾಶವಿದೆ. ನೋಂದಣಿ ಕಚೇರಿಗೆ ಹೋಗುವ ಮೊದಲೇ ಗಂಡ ಹೆಂಡತಿ ಕುಳಿತು ಮಾತಾಡಿ, ಯಾವ ಹೆಸರು, ಯಾವ ಕಾಗುಣಿತ, ಯಾವ ದೇಶದ ಕ್ರಮ ಎಂಬುದನ್ನು ತೀರ್ಮಾನಿಸಿಕೊಂಡು ಹೋದರೆ, ಅಲ್ಲಿನ ಗುಮಾಸ್ತರು ಕೇಳುವ ಪ್ರಶ್ನೆಗೆ ತಡವರಿಸದೆ ಉತ್ತರಿಸಬಹುದು.